ಕೊಡಗಿನಿಂದ ಕಡಲ ದ್ವೀಪಕ್ಕೆ: ವಿನಿಮಯ ವಿದ್ಯಾರ್ಥಿಗಳ ಗುಂಪಿಗೆ ಯಾವುದು ಹೊಂದುತ್ತದೆ?

ಕೊಡಗಿನ ಕಾಲೇಜಿಗೋ ತೋಟದ ಮನೆಗೋ ಕೆಲವು ತಿಂಗಳ ಮಟ್ಟಿಗೆ ಬಂದಿರುವ ವಿನಿಮಯ ವಿದ್ಯಾರ್ಥಿಗಳನ್ನು ಒಟ್ಟಾಗಿ ದ್ವೀಪವೊಂದಕ್ಕೆ ಕರೆದೊಯ್ಯಬೇಕು ಎಂದು ಹೊರಟರೆ ಕಣ್ಣ ಮುಂದೆ ಬರುವುದು ನಾಲ್ಕು ಜಾಗ: ಮಲ್ಪೆಯ ಸೇಂಟ್ ಮೇರೀಸ್, ಮುರುಡೇಶ್ವರದಾಚೆಯ ನೇತ್ರಾಣಿ, ಲಕ್ಷದ್ವೀಪ, ಅಂಡಮಾನ್. ಫೋಟೋ ನೋಡಿ ಆರಿಸಲು ಹೋದರೆ ತೀರ್ಮಾನವೇ ಆಗುವುದಿಲ್ಲ, ನೀಲಿ ನೀರು ನಾಲ್ಕರಲ್ಲೂ ಇದೆ. ತೀರ್ಮಾನ ನಿಂತಿರುವುದು ಬೇರೆ ಮೂರು ಸಂಗತಿಗಳ ಮೇಲೆ: ಗುಂಪಿನಲ್ಲಿ ಯಾವ ಯಾವ ದೇಶದ ಪಾಸ್‌ಪೋರ್ಟ್ ಇದೆ, ಹೋಗಿಬರುವ ದಾರಿಯನ್ನೂ ಸೇರಿಸಿ ಎಷ್ಟು ದಿನ ಸಿಗುತ್ತದೆ, ಈಜು ಬಾರದವರು ಎಷ್ಟು ಮಂದಿ. ಗುಂಪಿನಲ್ಲಿ ಚೆನ್ನಾಗಿ ಈಜುವವನನ್ನು ನೋಡಿ ಜಾಗ ಆರಿಸಬೇಡಿ. ನೀರಿಗೆ ಹೆದರುವ ಹುಡುಗಿ ಯಾರು, ಯಾವ ಹುಡುಗನ ವೀಸಾ ಕಾಗದ ಗೋಜಲಾಗಿದೆ ಎಂದು ಮೊದಲು ನೋಡಿ. ಗುಂಪು ಪ್ರವಾಸ ಕೆಡುವುದು ಅಂಥವರಲ್ಲಿ ಒಬ್ಬರು ದಡದಲ್ಲೇ ಉಳಿದಾಗ.

ನಮ್ಮ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇವೆ. ಎರಡು-ಮೂರು ದಿನ ಮಾತ್ರ ಇದ್ದರೆ ಮಲ್ಪೆ. ಏಳು ದಿನ ಸಿಕ್ಕರೆ ಅಂಡಮಾನ್, ಅದರಲ್ಲೂ ನೀಲ್ ದ್ವೀಪಕ್ಕೆ ಹೆಚ್ಚು ಸಮಯ. ಗುಂಪು ಚಿಕ್ಕದಿದ್ದು, ಎರಡು-ಮೂರು ತಿಂಗಳು ಮುಂಚಿತವಾಗಿ ಕಾಗದಪತ್ರ ಓಡಿಸುವ ತಾಳ್ಮೆ ಇದ್ದರೆ ಮಾತ್ರ ಲಕ್ಷದ್ವೀಪ. ನೇತ್ರಾಣಿ ಡೈವಿಂಗ್ ಆಸೆ ಇರುವವರಿಗಷ್ಟೇ. ಅಲ್ಲಿಂದ ಕೊಡಗಿಗೆ ಮರಳುವಾಗ ಅನೇಕರ ಲಕ್ಷ್ಯಕ್ಕೇ ಬಾರದ ಅಪಾಯವೊಂದಿದೆ, ಅದನ್ನು ಮುಂದೆ ಬಿಡಿಸಿ ಹೇಳಿದ್ದೇವೆ.

ಮೊದಲು ಪಾಸ್‌ಪೋರ್ಟ್

ಟಿಕೆಟ್ ಹುಡುಕುವ ಮುಂಚೆ ಒಂದು ಸಂಜೆ ಎಲ್ಲರನ್ನೂ ಕೂರಿಸಿ ಪಾಸ್‌ಪೋರ್ಟ್, ವೀಸಾ ಪುಟ, ವಿದೇಶಿಯರ ನೋಂದಣಿ ಪತ್ರ ಮೂರನ್ನೂ ಮೇಜಿನ ಮೇಲೆ ಇಡಿಸಿ. ನೋಡಬೇಕಾದದ್ದು ಇಷ್ಟು. ಹೆಸರು ಪಾಸ್‌ಪೋರ್ಟ್‌ನಲ್ಲಿ ಹೇಗಿದೆಯೋ ಹಾಗೇ ಬರೆದುಕೊಳ್ಳಿ. ಯುರೋಪು, ಲ್ಯಾಟಿನ್ ಅಮೆರಿಕದ ಮಕ್ಕಳಿಗೆ ನಾಲ್ಕು ಪದದ ಹೆಸರು ಇರುತ್ತದೆ. ಕರೆಯುವ ಹೆಸರಿನಲ್ಲಿ ವಿಮಾನದ ಟಿಕೆಟ್ ಮಾಡಿಸಿದರೆ ಬಾಗಿಲಲ್ಲೇ ನಿಲ್ಲಿಸುತ್ತಾರೆ. ವೀಸಾ ಒಮ್ಮೆ ಮಾತ್ರ ಪ್ರವೇಶಕ್ಕೋ ಹಲವು ಬಾರಿಗೋ ನೋಡಿ. ಒಮ್ಮೆಯದಾದರೆ ಶ್ರೀಲಂಕಾ, ಮಾಲ್ದೀವ್ಸ್ ಮಾತೇ ಬೇಡ, ಗಡಿ ದಾಟಿದ ಕ್ಷಣಕ್ಕೆ ಓದಿನ ವೀಸಾ ಮುಗಿದಂತೆ. ಹಲವು ಬಾರಿಯದಾದರೂ ಒಂದೊಂದು ದೇಶದವರಿಗೆ ಒಂದೊಂದು ನಿಯಮ, ಖರ್ಚೂ ದುಪ್ಪಟ್ಟು. ಆದ್ದರಿಂದ ಆ ಎರಡನ್ನು ಈ ಹೋಲಿಕೆಯಿಂದ ಕೈಬಿಟ್ಟಿದ್ದೇವೆ.

ಅಂಡಮಾನ್‌ಗೆ ವಿದೇಶಿಯರು ಹಿಂದೆ ನಿರ್ಬಂಧಿತ ಪ್ರದೇಶದ ಪರವಾನಗಿ ಪಡೆಯಬೇಕಿತ್ತು. 2018ರಲ್ಲಿ 30 ದ್ವೀಪಗಳಿಗೆ ಅದನ್ನು ಸಡಿಲಿಸಿದರು. ಪೋರ್ಟ್ ಬ್ಲೇರ್‌ನಲ್ಲಿ ಇಳಿದಾಗ ವಲಸೆ ಅಧಿಕಾರಿಗಳ ಬಳಿ ಹೆಸರು ಬರೆಸುವುದು ಮಾತ್ರ ಉಳಿದಿದೆ. ಆದರೆ ಅಫ್ಘಾನಿಸ್ತಾನ, ಚೀನಾ, ಪಾಕಿಸ್ತಾನದ ಪೌರರಿಗೂ ಆ ಮೂಲದವರಿಗೂ ಈ ಸಡಿಲಿಕೆ ಇಲ್ಲ. ಗುಂಪಿನಲ್ಲಿ ಒಬ್ಬ ಚೀನೀ ವಿದ್ಯಾರ್ಥಿ ಇದ್ದರೂ ಯೋಜನೆ ಬದಲಾಗುತ್ತದೆ. ಅವನನ್ನೊಬ್ಬನನ್ನೇ ಬಿಟ್ಟು ಹೋಗುವುದಕ್ಕಿಂತ ಎಲ್ಲರೂ ಮಲ್ಪೆಗೆ ಹೋಗುವುದು ಮೇಲು. ನಿಯಮಗಳು ಆಗಾಗ ಪರಿಷ್ಕರಣೆಯಾಗುವುದರಿಂದ ಹಣ ಕಟ್ಟುವ ವಾರ ಇನ್ನೊಮ್ಮೆ ಅಧಿಕೃತ ಜಾಲತಾಣ ತೆರೆದು ಓದಿ.

ತಂಗುವ ಜಾಗದ ಮಾತು. ವಿದೇಶಿ ಅತಿಥಿ ಬಂದ 24 ಗಂಟೆಯೊಳಗೆ ಅವರ ವಿವರವನ್ನು ಆನ್‌ಲೈನ್‌ನಲ್ಲಿ ಸಲ್ಲಿಸಬೇಕು, ರೂಢಿಯಲ್ಲಿ ಇದಕ್ಕೆ ಸಿ-ಫಾರ್ಮ್ ಎನ್ನುತ್ತಾರೆ. ಕೊಡಗಿನ ಹೋಮ್‌ಸ್ಟೇಯವರಿಗೆ ಇದು ಹೊಸದಲ್ಲ. ಕರಾವಳಿಯ ಸಣ್ಣ ಲಾಡ್ಜ್‌ಗಳಲ್ಲಿ ಈ ವ್ಯವಸ್ಥೆ ಇಲ್ಲದೆ, ರಾತ್ರಿ ಹತ್ತಕ್ಕೆ ಹೋಗಿ ನಿಂತಾಗ "ಫಾರಿನರ್ಸ್‌ಗೆ ರೂಂ ಇಲ್ಲ" ಎನ್ನುವುದುಂಟು. ಬುಕ್ ಮಾಡುವಾಗಲೇ "ಸಿ-ಫಾರ್ಮ್ ಮಾಡ್ತೀರಾ?" ಎಂದು ಕೇಳಿ, ಹೌದೆಂದ ಮೇಲೆ ಮುಂಗಡ ಕೊಡಿ.

ರೋಟರಿಯಂಥ ಕಾರ್ಯಕ್ರಮದಲ್ಲಿ ಬಂದವರು ಸಾಮಾನ್ಯವಾಗಿ 15ರಿಂದ 19 ವರ್ಷದವರು. ಹೆತ್ತವರ ಲಿಖಿತ ಒಪ್ಪಿಗೆಯಲ್ಲಿ ಸ್ಥಳ, ದಿನಾಂಕದ ಜೊತೆ "ಸ್ನಾರ್ಕೆಲಿಂಗ್, ಸ್ಕೂಬಾ" ಎಂದು ಬಿಡಿಸಿ ಬರೆದಿರಲಿ (ಮೊದಲನೆಯದು ನೀರ ಮೇಲೆ ತೇಲುತ್ತಾ ಕೊಳವೆಯಿಂದ ಉಸಿರಾಡುವುದು, ಎರಡನೆಯದು ಗಾಳಿಯ ಸಿಲಿಂಡರ್ ಹೊತ್ತು ಮುಳುಗುವುದು). ಹದಿನೆಂಟು ತುಂಬದವರನ್ನು ಡೈವಿಂಗ್ ಶಾಲೆಯವರು ಆ ಸಹಿ ಇಲ್ಲದೆ ನೀರಿಗೆ ಇಳಿಸುವುದಿಲ್ಲ. ವಿಮೆಯನ್ನೂ ಓದಿ, ಸ್ಕೂಬಾ ಹೊರಗಿಟ್ಟ ಪಾಲಿಸಿಗಳು ಬಹಳ. ಚಾರಣಕ್ಕೆಂದು ತಂದ ಉಪಗ್ರಹ ಫೋನ್ ಅಥವಾ ಉಪಗ್ರಹ ಸಂದೇಶ ಸಾಧನ ಯಾರ ಬಳಿಯಾದರೂ ಇದ್ದರೆ ವಿಮಾನ ನಿಲ್ದಾಣಕ್ಕೆ ಒಯ್ಯುವಂತಿಲ್ಲ. ಅನುಮತಿಯಿಲ್ಲದೆ ಅದನ್ನು ಇಟ್ಟುಕೊಳ್ಳುವುದೇ ಭಾರತದಲ್ಲಿ ಅಪರಾಧ, ಆ ಮಕ್ಕಳಿಗೆ ಅದು ಗೊತ್ತೇ ಇರುವುದಿಲ್ಲ. ಡ್ರೋನ್ ಕೂಡ ಮನೆಯಲ್ಲೇ ಇರಲಿ.

ಯಾವ ತಿಂಗಳು

ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆ ಹಿಡಿದಾಗ ಕೊಡಗು ಹೇಗಿರುತ್ತದೋ ಪಶ್ಚಿಮ ಕರಾವಳಿಯ ಕಡಲೂ ಹಾಗೇ, ಬಾಗಿಲು ಹಾಕಿದಂತೆ. ಮಲ್ಪೆಯ ಬೋಟುಗಳು ಸಾಮಾನ್ಯವಾಗಿ ಮೇ ಮಧ್ಯದಿಂದ ಸೆಪ್ಟೆಂಬರ್ ಮಧ್ಯದವರೆಗೆ ದ್ವೀಪಕ್ಕೆ ಹೋಗುವುದಿಲ್ಲ. ಲಕ್ಷದ್ವೀಪದ ಪ್ರವಾಸಿ ಹಡಗುಗಳಿಗೂ ಸುಮಾರು ಅದೇ ರಜೆ. ಅಂಡಮಾನ್‌ಗೆ ಮುಂಗಾರು ಕೇರಳಕ್ಕಿಂತ ಮೊದಲೇ, ಮೇ ಮೂರನೇ ವಾರದ ಹೊತ್ತಿಗೆ ಮುಟ್ಟುತ್ತದೆ. ಆಗಸ್ಟ್‌ನಲ್ಲಿ ಬಂದ ವಿದ್ಯಾರ್ಥಿ "ಮುಂದಿನ ವಾರ ದ್ವೀಪ" ಎಂದರೆ ಕುಶಾಲನಗರದ ಕಾವೇರಿ ನಿಸರ್ಗಧಾಮವನ್ನೇ ತೋರಿಸಬೇಕು. ಅದೂ ಹೊಳೆ ಉಕ್ಕಿ ಗೇಟು ಹಾಕದಿದ್ದರೆ.

ಅಕ್ಟೋಬರ್‌ನಿಂದ ಡಿಸೆಂಬರ್ ಬಂಗಾಳ ಕೊಲ್ಲಿಯ ಚಂಡಮಾರುತದ ಕಾಲ. ಆ ತಿಂಗಳುಗಳಲ್ಲಿ ಅಂಡಮಾನ್‌ಗೆ ಹೋಗಬಾರದು ಎಂದಲ್ಲ, ಫೆರ್ರಿ ಎರಡು ದಿನ ನಿಂತರೂ ತಾಳಿಕೊಳ್ಳುವಷ್ಟು ಸಡಿಲ ಯೋಜನೆ ಬೇಕು. ಇನ್ನೊಂದು ಕಾರಣಕ್ಕೂ ಈ ಅವಧಿ ಬೇಡ ಎನ್ನುತ್ತೇವೆ. ಅಕ್ಟೋಬರ್ ಮಧ್ಯದಲ್ಲಿ ತಲಕಾವೇರಿಯ ತೀರ್ಥೋದ್ಭವ, ನವೆಂಬರ್ ಕೊನೆ-ಡಿಸೆಂಬರ್ ಮೊದಲಲ್ಲಿ ಹುತ್ತರಿ. ಕದಿರು ತೆಗೆಯುವ ರಾತ್ರಿ ಗದ್ದೆಯಲ್ಲಿ ನಿಂತು "ಪೊಲಿ ಪೊಲಿ ದೇವಾ" ಎಂಬ ಕೂಗು ಕೇಳದೆ ಆ ಮಕ್ಕಳು ದ್ವೀಪದ ಮರಳಿನಲ್ಲಿ ಕೂತಿದ್ದರೆ ಕೊಡಗಿಗೆ ಬಂದದ್ದೇ ಅರ್ಧವಾಯಿತು. ಬೀಚು ಬೇರೆ ದೇಶದಲ್ಲೂ ಸಿಗುತ್ತದೆ.

ಜನವರಿ ಎರಡನೇ ವಾರದಿಂದ ಮಾರ್ಚ್ ಮಧ್ಯದವರೆಗೆ ನಾಲ್ಕೂ ಕಡಲು ಶಾಂತ. ಇತ್ತ ತೋಟದಲ್ಲಿ ಕಾಫಿ ಕೊಯ್ಲು, ಕಣದಲ್ಲಿ ಒಣಗಿಸುವ ಕೆಲಸ ಜೋರು, ಇರಿಸಿಕೊಂಡ ಮನೆಯವರಿಗೆ ಉಸಿರಾಡಲೂ ಬಿಡುವಿರುವುದಿಲ್ಲ. ಎರಡು-ಮೂರು ದಿನ ಕೊಯ್ಲು ನೋಡಿ, ಕೈಹಾಕಿ, ಆಮೇಲೆ ಹುಡುಗರು ಒಂದು ವಾರ ಹೊರಟರೆ ಮನೆಗೂ ಅನುಕೂಲ. ಹೂಮಳೆ ಬಿದ್ದು ಕಾಫಿ ಹೂ ಅರಳಿ ತೋಟ ಬೆಳ್ಳಗಾಗುವ ಹೊತ್ತಿಗೆ ವಾಪಸ್ ಬಂದಿರಬೇಕು, ಅಷ್ಟೇ. ಡಿಸೆಂಬರ್ 20ರಿಂದ ಜನವರಿ 5ರವರೆಗೆ ಎಲ್ಲಿಗೂ ಬೇಡ. ವಿಮಾನದ ದರ, ರೂಮಿನ ದರ, ಜನಸಂದಣಿ ಮೂರೂ ಆಗ ತುದಿಯಲ್ಲಿರುತ್ತವೆ.

ಮಲ್ಪೆ: ಎರಡು ದಿನ, ಟೆಂಪೊ ಟ್ರಾವೆಲರ್ (ಟಿಟಿ) ಒಂದು

ಮಡಿಕೇರಿಯಿಂದ ಸಂಪಾಜೆ, ಸುಳ್ಯ, ಪುತ್ತೂರು, ಮಂಗಳೂರು, ಉಡುಪಿ ದಾರಿಯಲ್ಲಿ ಮಲ್ಪೆಗೆ ಸುಮಾರು 200 ಕಿ.ಮೀ. ಹನ್ನೆರಡು ಮಂದಿಗೆ ಒಂದು ಟಿಟಿ ಸಾಕು. ವಿರಾಜಪೇಟೆ, ಗೋಣಿಕೊಪ್ಪದಿಂದ ಹೊರಡುವವರು ಮೇಲೆ ಒಂದು-ಒಂದೂವರೆ ಗಂಟೆ ಸೇರಿಸಿಕೊಳ್ಳಿ. ಸಂಪಾಜೆ ಘಾಟಿಯ ತಿರುವುಗಳಲ್ಲಿ ವಾಂತಿ ಮಾಡುವವರು ಯಾರೆಂದು ಮೊದಲ ಮುಕ್ಕಾಲು ಗಂಟೆಯಲ್ಲೇ ತಿಳಿಯುತ್ತದೆ. ಆ ಹೆಸರುಗಳನ್ನು ನೆನಪಿಡಿ, ನಾಳೆ ಬೋಟಿನಲ್ಲೂ ಅವರೇ.

ಒಂದೇ ದಿನದಲ್ಲಿ ಹೋಗಿಬರುವ ಯೋಜನೆ ಬೇಡ. ಬೆಳಿಗ್ಗೆ ಐದಕ್ಕೆ ಹೊರಟರೂ ಮಲ್ಪೆ ಮುಟ್ಟುವುದು ಹನ್ನೊಂದರ ಮೇಲೆ. ಮಧ್ಯಾಹ್ನ ಆಗುತ್ತಿದ್ದಂತೆ ಕಡಲ ಗಾಳಿ ಏಳುತ್ತದೆ, ಅಲೆ ಹೆಚ್ಚುತ್ತದೆ, ದ್ವೀಪದಲ್ಲಿ ಇಳಿಯುವುದೇ ಕಷ್ಟ. ಮೊದಲ ದಿನ ಮಧ್ಯಾಹ್ನ ಪಡುಬಿದ್ರಿ ಕಡಲತೀರ, ರಾತ್ರಿ ಉಡುಪಿ, ಎರಡನೇ ದಿನ ಬೆಳಗಿನ ಮೊದಲ ಬೋಟು ಎಂಬುದು ಸರಿಯಾದ ಜೋಡಣೆ. ಪಡುಬಿದ್ರಿಗೆ 2020ರಲ್ಲಿ, ಸ್ವಚ್ಛ, ಸುರಕ್ಷಿತ ಕಡಲತೀರಕ್ಕೆ ಕೊಡುವ ಬ್ಲೂ ಫ್ಲಾಗ್ ಮಾನ್ಯತೆ ಸಿಕ್ಕಿದೆ. ಜೀವರಕ್ಷಕರು, ಈಜಲು ಗುರುತು ಮಾಡಿದ ಜಾಗ, ಸ್ನಾನದ ಮನೆ, ಬಟ್ಟೆ ಬದಲಿಸುವ ಕೋಣೆ ಇವೆ. ನೀರಿಗಿಳಿಯುವ ಆಸೆಯನ್ನು ಅಲ್ಲಿ ತೀರಿಸಿ, ಸೇಂಟ್ ಮೇರೀಸ್‌ನಲ್ಲಿ ಅಲ್ಲ.

ಏಕೆಂದರೆ ಸೇಂಟ್ ಮೇರೀಸ್ ಈಜುವ ಜಾಗವಲ್ಲ, ಕಲ್ಲು ನೋಡುವ ಜಾಗ. ಸುಮಾರು 8.8 ಕೋಟಿ ವರ್ಷ ಹಿಂದೆ, ಮಡಗಾಸ್ಕರ್ ಮತ್ತು ಭಾರತ ಅಂಟಿಕೊಂಡಿದ್ದು ಬೇರೆಯಾಗುತ್ತಿದ್ದ ಕಾಲದಲ್ಲಿ ಹೊರಬಂದ ಲಾವಾ ತಣ್ಣಗಾಗುತ್ತಾ ಕುಗ್ಗಿ, ಕೆರೆಯ ಒಣ ಕೆಸರು ಬಿರಿಯುವ ಹಾಗೆ ಬಿರಿದು, ಐದು-ಆರು ಮುಖದ ಕಂಬಗಳಾಗಿ ನಿಂತಿದೆ. ಭೂವಿಜ್ಞಾನ ಓದುವ ವಿದ್ಯಾರ್ಥಿ ಇದ್ದರೆ ಅವನನ್ನು ಅಲ್ಲಿಂದ ಎಬ್ಬಿಸುವುದೇ ಕಷ್ಟ. ಕಂಬಗಳ ತಲೆ ಒಣಗಿರುವಾಗ ಹಿಡಿತ ಕೊಡುತ್ತದೆ, ಅಲೆ ತಾಗುವ ಅಂಚಿನಲ್ಲಿ ಪಾಚಿ ಕಟ್ಟಿ ಎಣ್ಣೆ ಸುರಿದಂತೆ ಜಾರುತ್ತದೆ. ಅಲ್ಲಿ ಸೆಲ್ಫಿಗೆ ನಿಂತವರೇ ಬೀಳುವುದು. ಬಣ್ಣ ಕಪ್ಪಾಗಿ ಒದ್ದೆಯಾಗಿರುವ ಕಲ್ಲಿಗೆ ಕಾಲಿಡಬಾರದು ಎಂಬ ಒಂದೇ ನಿಯಮ ಹೇಳಿಕೊಡಿ, ಅದು ಎಲ್ಲ ಭಾಷೆಯವರಿಗೂ ಅರ್ಥವಾಗುತ್ತದೆ. ಚಪ್ಪಲಿ ಬೇಡ, ಹಿಂಬದಿ ಪಟ್ಟಿ ಇರುವ ಸ್ಯಾಂಡಲ್ ಇರಲಿ. ದ್ವೀಪದಲ್ಲಿ ತಂಗಲು ಬಿಡುವುದಿಲ್ಲ, ಒಂದೆರಡು ಗಂಟೆ ಸಿಗುತ್ತದೆ. ನೆರಳು ಕಡಿಮೆ, ಆದ್ದರಿಂದ ತಲಾ ಒಂದು ಲೀಟರ್ ನೀರು ಸ್ಟೀಲ್ ಬಾಟಲಿಯಲ್ಲಿ.

ನೇತ್ರಾಣಿ, ಮತ್ತು ಸಂಪಾಜೆ ಘಾಟಿಯ ಲೆಕ್ಕ

ಮುರುಡೇಶ್ವರದಿಂದ ಸುಮಾರು 19 ಕಿ.ಮೀ. ಕಡಲಲ್ಲಿ, ಬೋಟಿನಲ್ಲಿ ಗಂಟೆ-ಒಂದೂವರೆ ಗಂಟೆ. ಇಲ್ಲಿ ದ್ವೀಪಕ್ಕೆ ಕಾಲಿಡುವುದಿಲ್ಲ, ಬೋಟಿನಿಂದಲೇ ನೀರಿಗೆ. ಮರಳಿಲ್ಲ, ತೆಂಗಿನ ನೆರಳಿಲ್ಲ. ಡೈವ್ ಮಾಡದವರು ತೂಗಾಡುವ ಬೋಟಿನಲ್ಲಿ ಮೂರು ಗಂಟೆ ಕೂರಬೇಕು. ಗುಂಪಿನಲ್ಲಿ ಅರ್ಧ ಜನಕ್ಕೆ ಆಸಕ್ತಿ ಇಲ್ಲದಿದ್ದರೆ ಈ ಆಯ್ಕೆ ಬಿಟ್ಟುಬಿಡಿ. ಆಸಕ್ತಿ ಇದ್ದವರಿಗೆ ಕರ್ನಾಟಕದಲ್ಲಿ ಇದಕ್ಕಿಂತ ಒಳ್ಳೆಯ ಜಾಗವಿಲ್ಲ.

ಈಗ ಅಪಾಯದ ಮಾತು. ನೀರಿನಡಿ ಒತ್ತಡದಲ್ಲಿ ಉಸಿರಾಡುವಾಗ ಸಾರಜನಕ ರಕ್ತ-ಮಾಂಸದಲ್ಲಿ ಕರಗಿ ಸೇರುತ್ತದೆ. ಮೇಲೆ ಬಂದ ಮೇಲೆ ಗಂಟೆಗಟ್ಟಲೆ ನಿಧಾನವಾಗಿ ಹೊರಹೋಗುತ್ತದೆ. ಅಷ್ಟರೊಳಗೆ ಗಾಳಿಯ ಒತ್ತಡ ಇನ್ನಷ್ಟು ಇಳಿದರೆ, ಸೋಡಾ ಬಾಟಲಿ ತೆರೆದಂತೆ ಅದು ಗುಳ್ಳೆಯಾಗುತ್ತದೆ. ಕೀಲು ನೋವು, ಕೈಕಾಲು ಜೋಮು, ವಿಪರೀತ ಸುಸ್ತು ಇದರ ಗುರುತು. ಡೈವ್ ಆದ ಕೂಡಲೇ ವಿಮಾನ ಹತ್ತಬಾರದು ಎಂಬುದು ಎಲ್ಲರಿಗೂ ಗೊತ್ತು. ಘಾಟಿ ಹತ್ತುವುದೂ ಅದೇ ಲೆಕ್ಕಕ್ಕೆ ಬರುತ್ತದೆ ಎಂಬುದು ಗೊತ್ತಿರುವುದಿಲ್ಲ. ಡೈವಿಂಗ್ ಸುರಕ್ಷತೆಯ ಸಂಸ್ಥೆ ಡೈವರ್ಸ್ ಅಲರ್ಟ್ ನೆಟ್‌ವರ್ಕ್ ಹೇಳುವ ಕಾಯುವಿಕೆ ಸುಮಾರು 600 ಮೀಟರ್‌ಗಿಂತ ಮೇಲಿನ ಎತ್ತರಕ್ಕೆ ಅನ್ವಯಿಸುತ್ತದೆ: ಒಂದೇ ಡೈವ್ ಆಗಿದ್ದರೆ ಕನಿಷ್ಠ 12 ಗಂಟೆ, ಎರಡು ಅಥವಾ ಹೆಚ್ಚಾದರೆ 18 ಗಂಟೆ. ಮಡಿಕೇರಿ ಇರುವುದು 1,100 ಮೀಟರ್‌ಗೂ ಮೇಲೆ. ಕುಶಾಲನಗರ, ವಿರಾಜಪೇಟೆ, ಗೋಣಿಕೊಪ್ಪ ಕೂಡ 800ರ ಮೇಲೆ. ಮಧ್ಯಾಹ್ನ ಹನ್ನೆರಡಕ್ಕೆ ಎರಡನೇ ಡೈವ್ ಮುಗಿಸಿ ಟಿಟಿ ಹತ್ತಿದರೆ ರಾತ್ರಿ ಏಳು-ಎಂಟಕ್ಕೆ ಸಂಪಾಜೆ ಘಾಟಿಯಲ್ಲಿರುತ್ತೀರಿ, ಕಾಯಬೇಕಾದ ಅರ್ಧ ಹೊತ್ತೂ ಆಗಿರುವುದಿಲ್ಲ. ಆ ರಾತ್ರಿ ಮಂಗಳೂರಿನಲ್ಲಿ ಮಲಗಿ, ಬೆಳಗಿನ ತಿಂಡಿ ಮುಗಿಸಿ ಘಾಟಿ ಹತ್ತಿ. ಒಂದು ರಾತ್ರಿಯ ರೂಮಿನ ಖರ್ಚು, ಅಷ್ಟೇ. ಆಗುಂಬೆ, ಬಿಸಿಲೆಯಂಥ ಬೇರೆ ಘಾಟಿ ಹಿಡಿದರೂ ಲೆಕ್ಕ ಬದಲಾಗುವುದಿಲ್ಲ.

ಲಕ್ಷದ್ವೀಪ: ನೀರು ಅತ್ಯುತ್ತಮ, ದಾರಿ ಉದ್ದ

ಈಜು ಬಾರದವರಿಗೆ ನಾಲ್ಕರಲ್ಲಿ ಅತ್ಯಂತ ಸುರಕ್ಷಿತ ನೀರು ಇಲ್ಲಿಯದು. ಹವಳದ ದಿಬ್ಬ ದ್ವೀಪದ ಸುತ್ತ ಬೇಲಿ ಹಾಕಿದಂತೆ ನಿಂತು ದೊಡ್ಡ ಅಲೆಯನ್ನು ಹೊರಗೇ ಒಡೆಯುತ್ತದೆ. ಒಳಗಿನ ಲಗೂನು ಕೆರೆಯಂತೆ ಶಾಂತ, ಎಷ್ಟೋ ಕಡೆ ಎದೆಮಟ್ಟ. ಒಟ್ಟು ನೆಲ 32 ಚದರ ಕಿ.ಮೀ. ಮಾತ್ರ, ಜನವಸತಿ ಇರುವುದು ಹತ್ತು ದ್ವೀಪಗಳಲ್ಲಿ.

ಆದರೆ ಭಾರತೀಯರಿಗೂ ಪ್ರವೇಶ ಪರವಾನಗಿ ಬೇಕು. ವಿದೇಶಿಯರಿಗೆ ತೆರೆದಿರುವುದು ಆಯ್ದ ಕೆಲವು ದ್ವೀಪ, ಅಗತ್ತಿ, ಬಂಗಾರಂ, ಕಡಮತ್ ಆ ಪೈಕಿ. ಭಾರತೀಯರಿಗೆಂದು ಜಾಹೀರಾತು ಮಾಡುವ ಹಡಗಿನ ಪ್ಯಾಕೇಜೆಲ್ಲ ಮಿಶ್ರ ಗುಂಪಿಗೆ ಸಲ್ಲುವುದಿಲ್ಲ. ನಮ್ಮ ಕನ್ನಡದ ಹುಡುಗರು ಒಂದು ಹಡಗಿನಲ್ಲಿ, ವಿನಿಮಯ ವಿದ್ಯಾರ್ಥಿಗಳು ಇನ್ನೊಂದರಲ್ಲಿ ಎಂದಾದರೆ ಪ್ರವಾಸದ ಉದ್ದೇಶವೇ ಹೋಯಿತು. ಹಣ ಕಟ್ಟುವ ಮುಂಚೆ "ಗುಂಪಿನಲ್ಲಿ ಇಂಥಿಂಥ ದೇಶದವರು ಇದ್ದಾರೆ" ಎಂದು ಬರೆದು ಕೇಳಿ, ಉತ್ತರವನ್ನೂ ಬರವಣಿಗೆಯಲ್ಲೇ ಪಡೆಯಿರಿ.

ದಾರಿ: ಕೊಡಗಿಗೆ ರೈಲಿಲ್ಲ, ಆದ್ದರಿಂದ ವಿರಾಜಪೇಟೆ, ಮಾಕುಟ್ಟ, ಇರಿಟ್ಟಿ ಮೂಲಕ ತಲಶ್ಶೇರಿ ಅಥವಾ ಕಣ್ಣೂರಿಗೆ ಇಳಿದು ರೈಲು ಹಿಡಿದು ಕೊಚ್ಚಿ. ಅಲ್ಲಿಂದ ಹಡಗು 14ರಿಂದ 18 ಗಂಟೆ, ಇಲ್ಲವೇ ಅಗತ್ತಿಗೆ ವಿಮಾನ ಒಂದೂವರೆ ಗಂಟೆ. ಅಗತ್ತಿಯ ಓಡುದಾರಿ ಚಿಕ್ಕದು, ಇಳಿಯುವುದು ಎಪ್ಪತ್ತರ ಆಸುಪಾಸು ಸೀಟಿನ ಪುಟ್ಟ ವಿಮಾನ. ಹನ್ನೆರಡು ಸೀಟು ಒಟ್ಟಿಗೆ ಸಿಗಬೇಕಾದರೆ ಬಹಳ ಮುಂಚೆ ಹಿಡಿಯಬೇಕು.

ಹಡಗಿನಲ್ಲಿ ಹೋಗುವವರಿಗೆ ಒಂದು ಕ್ಷಣ ಮಾತ್ರ ನಿಜವಾಗಿ ಅಪಾಯದ್ದು, ಅದನ್ನು ಹತ್ತಿರದಿಂದ ಹೇಳಬೇಕು. ದೊಡ್ಡ ಹಡಗು ಹವಳದ ದಿಬ್ಬದ ಹೊರಗೇ ನಿಲ್ಲುತ್ತದೆ. ಪಕ್ಕದ ಬಾಗಿಲು ತೆರೆಯುತ್ತಾರೆ, ಕೆಳಗೆ ಸಣ್ಣ ಬೋಟು ಬಂದು ಒರಗುತ್ತದೆ. ಅಲೆಯ ಜೊತೆ ಆ ಬೋಟು ಒಮ್ಮೆ ಬಾಗಿಲ ಮಟ್ಟಕ್ಕೆ ಏರುತ್ತದೆ, ಮರುಗಳಿಗೆ ಒಂದಾಳು ಕೆಳಗೆ ಹೋಗುತ್ತದೆ. ದಾಟಬೇಕಾದದ್ದು ಅದು ಏರಿ ನಿಂತ ಆ ಒಂದು ಗಳಿಗೆಯಲ್ಲಿ. ಎರಡೂ ಕೈ ಖಾಲಿ ಇರಬೇಕು, ಬ್ಯಾಗು ಬೇರೆಯಾಗಿ ಬರುತ್ತದೆ. ಫೋನು ಜೇಬಿನಲ್ಲಿ ಜಿಪ್ ಹಾಕಿ. ಸಿಬ್ಬಂದಿ ಇಬ್ಬರು ಮಣಿಕಟ್ಟು ಹಿಡಿಯುತ್ತಾರೆ, ಅವರ ಮಣಿಕಟ್ಟನ್ನು ನೀವೂ ಹಿಡಿಯಿರಿ. ಅವರು "ಬಾ" ಎಂದಾಗ ಹೆಜ್ಜೆ ಹಾಕಬೇಕು, ಜಿಗಿಯಬಾರದು. ಅರ್ಧ ಮನಸ್ಸಿನಿಂದ ಒಂದು ಕಾಲು ಅಲ್ಲಿ, ಒಂದು ಕಾಲು ಇಲ್ಲಿ ಇಟ್ಟವರಿಗೇ ಪೆಟ್ಟಾಗುವುದು. ಮಂಡಿ ನೋವಿರುವ ಮೇಷ್ಟ್ರು ಜೊತೆಗಿದ್ದರೆ ಹಡಗು ಬೇಡ, ವಿಮಾನ.

ಮದ್ಯ ನಿಷೇಧವಿದೆ, ಬಂಗಾರಂ ರೆಸಾರ್ಟ್‌ನಲ್ಲಿ ಮಾತ್ರ ವಿನಾಯಿತಿ. ಪ್ರೀತಿಯಿಂದ ಕಟ್ಟಿಕೊಡುವ ಮನೆಯ ವೈನ್ ಬಾಟಲಿ, ಡಬ್ಬದಲ್ಲಿನ ಪಂದಿ ಕರಿ ಎರಡನ್ನೂ ಈ ಪ್ರವಾಸಕ್ಕೆ ಕಟ್ಟಬೇಡಿ. ದ್ವೀಪದ ಜನ ಬಹುಪಾಲು ಮುಸ್ಲಿಮರು, ಅವರ ಊರಿಗೆ ಹೋಗುವಾಗ ಇದು ಕನಿಷ್ಠ ಮರ್ಯಾದೆ. ಊರೊಳಗೆ ಹೆಗಲು, ಮಂಡಿ ಮುಚ್ಚುವ ಬಟ್ಟೆ.

ಅಂಡಮಾನ್: ಏಳು ದಿನ ಇದ್ದರೆ ಇದೇ

ಬೆಂಗಳೂರಿನಿಂದ ನೇರ ವಿಮಾನದಲ್ಲಿ ಎರಡೂವರೆ-ಮೂರು ಗಂಟೆ. ಚೆನ್ನೈನಿಂದ ಹಡಗೂ ಇದೆ, ಸುಮಾರು ಮೂರು ದಿನ ಹಿಡಿಯುತ್ತದೆ. ವಿದ್ಯಾರ್ಥಿಗಳ ಗುಂಪಿಗೆ ಆ ಸಮಯ ಇರುವುದಿಲ್ಲ. ಬೆಳಗಿನ ವಿಮಾನಕ್ಕೆ ಮಡಿಕೇರಿಯನ್ನು ಹಿಂದಿನ ಸಂಜೆಯೇ ಬಿಡಬೇಕು. ದೇವನಹಳ್ಳಿ ಬೆಂಗಳೂರಿನ ಆಚೆ ಬದಿ ಇರುವುದರಿಂದ ಊಟದ ನಿಲುಗಡೆ ಸೇರಿ ಎಂಟು ಗಂಟೆ ಇಟ್ಟುಕೊಳ್ಳಿ. ಪೋರ್ಟ್ ಬ್ಲೇರ್ ನಗರದ ಹೆಸರು 2024ರಿಂದ ಶ್ರೀ ವಿಜಯ ಪುರಂ, ಹ್ಯಾವ್‌ಲಾಕ್ 2018ರಿಂದ ಸ್ವರಾಜ್ ದ್ವೀಪ, ನೀಲ್ ಶಹೀದ್ ದ್ವೀಪ. ಟಿಕೆಟ್‌ನಲ್ಲಿ ಒಂದು ಹೆಸರು, ಜನರ ಬಾಯಲ್ಲಿ ಇನ್ನೊಂದು. ಎರಡನ್ನೂ ಬರೆದು ಪ್ರತಿಯೊಬ್ಬರ ಕೈಗೆ ಕೊಡಿ.

ಅಲ್ಲಿನ ಗಡಿಯಾರ ನಮ್ಮದೇ, ಸೂರ್ಯ ನಮ್ಮವನಲ್ಲ. ಕೊಡಗಿಗಿಂತ ಸುಮಾರು 17 ಡಿಗ್ರಿ ಪೂರ್ವಕ್ಕೆ ಇರುವುದರಿಂದ ಒಂದು ಗಂಟೆಗೂ ಮುಂಚೆ ಬೆಳಗಾಗಿ, ಅಷ್ಟೇ ಮುಂಚೆ ಕತ್ತಲಾಗುತ್ತದೆ. ಚಳಿಗಾಲದಲ್ಲಿ ಸಂಜೆ ಐದು-ಐದೂವರೆಗೆ ಸೂರ್ಯ ಮುಳುಗಿರುತ್ತಾನೆ, ನೀರಿನ ಚಟುವಟಿಕೆ ಮೂರು-ಮೂರೂವರೆಗೆ ಮುಗಿಯುತ್ತದೆ. ಹತ್ತಕ್ಕೆ ಎದ್ದು ತಿಂಡಿ ತಿನ್ನುವ ಹುಡುಗರ ಗುಂಪಿಗೆ ದಿನವೇ ಸಿಗುವುದಿಲ್ಲ. ಐದಕ್ಕೆ ಎಬ್ಬಿಸಿ, ಆರಕ್ಕೆ ನೀರಿನ ಬಳಿ ಇರಿ, ರಾತ್ರಿ ಒಂಬತ್ತಕ್ಕೆ ಮಲಗಿಸಿ.

ದಿನಗಳನ್ನು ಹೀಗೆ ಹಂಚಿ. ಮೊದಲ ದಿನ ಇಳಿದು, ಮಧ್ಯಾಹ್ನ ಸೆಲ್ಯುಲಾರ್ ಜೈಲು. 1896ರಿಂದ 1906ರವರೆಗೆ ಕಟ್ಟಿದ ಇದರ ಏಳು ರೆಕ್ಕೆಗಳಲ್ಲಿ ಉಳಿದಿರುವುದು ಮೂರು. 1942ರಿಂದ 45ರವರೆಗೆ ದ್ವೀಪ ಜಪಾನಿನ ಕೈಯಲ್ಲಿತ್ತು. ಬ್ರಿಟನ್, ಜಪಾನ್ ಎರಡೂ ದೇಶದ ಮಕ್ಕಳು ಗುಂಪಿನಲ್ಲಿದ್ದರೆ ಅಲ್ಲಿ ನಡೆಯುವ ಮಾತುಕತೆಗೆ ಒಂದು ಗಂಟೆ ಹೆಚ್ಚು ಬಿಡಿ. ಎರಡನೇ ದಿನ ಬೆಳಗಿನ ಫೆರ್ರಿಯಲ್ಲಿ ಹ್ಯಾವ್‌ಲಾಕ್, ಮೂರನೇ ದಿನ ಅಲ್ಲೇ. ನಾಲ್ಕನೇ ದಿನ ನೀಲ್, ಐದನೇ ದಿನ ಪೂರ್ತಿ ನೀಲ್. ಆರನೇ ದಿನ ಬೆಳಿಗ್ಗೆ ಪೋರ್ಟ್ ಬ್ಲೇರ್‌ಗೆ ವಾಪಸ್. ಏಳನೇ ದಿನ ವಿಮಾನ. ಆರನೇ ದಿನವನ್ನು "ಸುಮ್ಮನೆ ವ್ಯರ್ಥ" ಎಂದು ಕತ್ತರಿಸುವವರೇ ಹೆಚ್ಚು. ಗಾಳಿ ಎದ್ದು ಫೆರ್ರಿ ನಿಂತರೆ ವಿಮಾನ ಕಾಯುವುದಿಲ್ಲ, ಹನ್ನೆರಡು ಟಿಕೆಟ್ ಮುಳುಗುತ್ತದೆ. ಫೆರ್ರಿ ಮತ್ತು ವಿಮಾನ ಒಂದೇ ದಿನ ಇರಬಾರದು.

ಸರ್ಕಾರಿ ಫೆರ್ರಿ ಹ್ಯಾವ್‌ಲಾಕ್‌ಗೆ ಎರಡೂವರೆ ಗಂಟೆ, ಅಗ್ಗ, ಹೊರಗಿನ ಕಟಕಟೆಯ ಬಳಿ ನಿಂತು ಗಾಳಿ ಪಡೆಯಬಹುದು. ಖಾಸಗಿಯದು ಒಂದೂವರೆ ಗಂಟೆ, ಏಸಿ, ಮುಚ್ಚಿದ ಕೋಣೆ. ಘಾಟಿಯಲ್ಲಿ ವಾಂತಿ ಮಾಡಿದವರಿಗೆ ಮುಚ್ಚಿದ ಕೋಣೆಯೇ ಹೆಚ್ಚು ಕಷ್ಟ. ವೈದ್ಯರನ್ನು ಕೇಳಿ ಮಾತ್ರೆಯನ್ನು ಹೊರಡುವ ಒಂದು ಗಂಟೆ ಮುಂಚೆ ಕೊಡಿ, ತಲೆಸುತ್ತು ಶುರುವಾದ ಮೇಲೆ ಕೊಟ್ಟರೆ ಅದೂ ಹೊರಗೇ ಬರುತ್ತದೆ. ಸೀಟು ಮಧ್ಯದಲ್ಲಿ, ಕೆಳ ಅಂತಸ್ತಿನಲ್ಲಿ. ಖಾಲಿ ಹೊಟ್ಟೆ ಬೇಡ, ಒಣ ಬ್ರೆಡ್ಡು ಅಥವಾ ಇಡ್ಲಿ ಸಾಕು. ಫೋನು ನೋಡದೆ ದಿಗಂತ ನೋಡಲಿ.

ಹ್ಯಾವ್‌ಲಾಕ್ ಮತ್ತು ನೀಲ್ ನಡುವೆ: ಹ್ಯಾವ್‌ಲಾಕ್‌ನ ರಾಧಾನಗರ, ಸ್ಥಳೀಯರ ಮಾತಿನಲ್ಲಿ ಏಳನೇ ನಂಬರ್ ಬೀಚು, ನೋಡಲು ನಿಜಕ್ಕೂ ಅಷ್ಟು ಚೆಂದ. ಎತ್ತರದ ಕಾಡು ಮರಳಿನ ಅಂಚಿಗೇ ಬಂದು ನಿಲ್ಲುತ್ತದೆ, ಕೊಡಗಿನ ಕಣ್ಣಿಗೆ ಅದು ಆಪ್ತವೆನಿಸುತ್ತದೆ. ಆದರೆ ಅಲ್ಲಿ ಅಲೆ ಇದೆ. ಉಪ್ಪುನೀರಿನ ಮೊಸಳೆ ಅಂಡಮಾನ್‌ನಲ್ಲಿ ಇರುವ ಪ್ರಾಣಿ, ಹಳ್ಳ ಕಡಲು ಸೇರುವ ಬಾಯಿ, ಮ್ಯಾಂಗ್ರೋವ್ ಅಂಚು ಅದರ ಜಾಗ. ಫಲಕ ಇರುವಲ್ಲಿ, ಕತ್ತಲಲ್ಲಿ, ಬಲೆ ಹಾಕಿ ಗುರುತು ಮಾಡಿದ ಜಾಗದ ಹೊರಗೆ ನೀರಿಗಿಳಿಯಬಾರದು. ಇದರಲ್ಲಿ ರಾಜಿ ಇಲ್ಲ. ನೀಲ್ ಚಿಕ್ಕದು, ಸಮತಟ್ಟು, ಸೈಕಲ್ ಬಾಡಿಗೆಗೆ ಪಡೆದು ಅರ್ಧ ದಿನದಲ್ಲಿ ಸುತ್ತಬಹುದು. ಭರತಪುರ ಬೀಚಿನ ನೀರು ಆಳವಿಲ್ಲದ್ದು, ಈಜು ಬಾರದವರು ಮೊದಲ ಬಾರಿ ಸ್ನಾರ್ಕೆಲ್ ಹಾಕಲು ತಕ್ಕದ್ದು. ನೀಲ್‌ನ ಕಲ್ಲು ಕಮಾನು ನೋಡಬೇಕಾದರೆ ನೀರಿಳಿತದ ಹೊತ್ತೇ ಆಗಬೇಕು, ನೀರೇರಿದಾಗ ದಾರಿ ನೀರಿನಡಿ. ಆ ದಿನದ ಇಳಿತದ ಸಮಯವನ್ನು ಹಿಂದಿನ ರಾತ್ರಿಯೇ ತಂಗುವ ಮನೆಯವರನ್ನು ಕೇಳಿ, ಅದಕ್ಕೆ ತಕ್ಕಂತೆ ತಿಂಡಿಯ ಹೊತ್ತು ಬದಲಿಸಿ.

ನೀರಿಗಿಳಿಯುವ ಮುಂಚೆ ಎರಡು ಪರೀಕ್ಷೆ. ಲೈಫ್ ಜಾಕೆಟ್ ಬಿಗಿದ ಮೇಲೆ ಎರಡೂ ಕೈ ಮೇಲೆತ್ತಲು ಹೇಳಿ, ಹಿಂದಿನಿಂದ ಜಾಕೆಟ್‌ನ ಹೆಗಲು ಹಿಡಿದು ಮೇಲಕ್ಕೆ ಎಳೆಯಿರಿ. ಅದು ಕಿವಿಯವರೆಗೆ ಏರಿದರೆ ದೊಡ್ಡದಾಯಿತು. ನೀರಿನಲ್ಲಿ ಜಾಕೆಟ್ ತೇಲುತ್ತದೆ, ಮನುಷ್ಯ ಕೆಳಗೆ ಜಾರುತ್ತಾನೆ. ಮಾಸ್ಕ್‌ಗೆ: ಪಟ್ಟಿ ಹಾಕದೆ ಮುಖಕ್ಕೆ ಒತ್ತಿ ಮೂಗಿನಿಂದ ಉಸಿರೆಳೆಯಿರಿ, ಕೈಬಿಟ್ಟರೂ ಅಂಟಿ ನಿಂತರೆ ಸರಿಯಾದ ಅಳತೆ. ಒಂದೆಳೆ ಕೂದಲು ಅಂಚಿನಡಿ ಸಿಕ್ಕಿದರೂ ನೀರು ಬರುತ್ತದೆ. ದಪ್ಪ ಮೀಸೆ ಇದ್ದವರಿಗೆ ಮೇಲ್ದುಟಿಯ ಬಳಿ ಸ್ವಲ್ಪ ವ್ಯಾಸಲೀನ್. ಗಾಜು ಮಂಜಾಗದಿರಲು ಒಳಬದಿಗೆ ಒಂದು ತೊಟ್ಟು ಮಕ್ಕಳ ಶಾಂಪೂ ಸವರಿ ತೊಳೆಯಬೇಕು. ಪಟ್ಟಿ ಬಿಗಿದಷ್ಟೂ ನೀರು ನಿಲ್ಲುತ್ತದೆ ಎಂಬುದು ತಪ್ಪು ತಿಳಿವಳಿಕೆ, ಅತಿ ಬಿಗಿದರೆ ಅಂಚು ಮಡಚಿ ಇನ್ನೂ ಸೋರುತ್ತದೆ. ಹವಳದ ಮೇಲೆ ನಿಲ್ಲಬಾರದು. ಕಲ್ಲಿನಂತೆ ಕಂಡರೂ ಅದು ಜೀವ, ತಾಗಿದರೆ ಅದಕ್ಕೂ ಗಾಯ, ನಿಮಗೂ ಗಾಯ. ಹವಳ ಗೀರಿದ ಗಾಯ ಬೇಗ ಕೀವಾಗುತ್ತದೆ, ಅದೇ ಗಳಿಗೆಯಲ್ಲಿ ಸಿಹಿನೀರು, ಸೋಪಿನಲ್ಲಿ ಉಜ್ಜಿ ತೊಳೆಯಿರಿ. ಬಿಸಿಲಿಗೆ ಕ್ರೀಮಿಗಿಂತ ತುಂಬುತೋಳಿನ ಹಳೆ ಟೀ ಶರ್ಟ್ ಮೇಲು, ಬೆನ್ನು ಸುಡುವುದು ಸ್ನಾರ್ಕೆಲಿಂಗ್‌ನಲ್ಲೇ.

ಹಣದ ವಿಷಯ. ವಿದೇಶಿ ಕಾರ್ಡು ನಮ್ಮ ಬುಕಿಂಗ್ ತಾಣಗಳಲ್ಲಿ ಆಗಾಗ ಕೈಕೊಡುತ್ತದೆ, ಹಾಗಾಗಿ ಒಬ್ಬರು ಇಲ್ಲಿನ ಖಾತೆಯಿಂದ ಕಟ್ಟಿ ಆಮೇಲೆ ಹಂಚಿಕೊಳ್ಳುವುದು ಸುಲಭ. ಚೆನ್ನೈನಿಂದ ಸಮುದ್ರದಡಿಯ ಕೇಬಲ್ 2020ರಲ್ಲಿ ಬಂದ ಮೇಲೆ ನೆಟ್‌ವರ್ಕ್ ಮೊದಲಿಗಿಂತ ಎಷ್ಟೋ ವಾಸಿ, ಆದರೂ ನೀಲ್‌ನಲ್ಲಿ ಎಟಿಎಂ ನಂಬಬೇಡಿ. ಮೂರು ದಿನದ ನಗದು ಪೋರ್ಟ್ ಬ್ಲೇರ್‌ನಲ್ಲೇ ತೆಗೆದಿಟ್ಟುಕೊಳ್ಳಿ. ಹಡಗುಕಟ್ಟೆಯಲ್ಲಿ ವಿದೇಶಿಯರಿಗೆ ಮೂಲ ಪಾಸ್‌ಪೋರ್ಟ್ ಕೇಳುತ್ತಾರೆ, ಫೋನಿನಲ್ಲಿನ ಫೋಟೋ ಸಾಲದು. ಅಂಡಮಾನ್‌ನ ಆದಿವಾಸಿಗಳಾದ ಜಾರವಾ ಜನರ ಮೀಸಲು ಪ್ರದೇಶದ ದಾರಿಯ ಪ್ರವಾಸವನ್ನು ಯಾರಾದರೂ ಮಾರಲು ಬಂದರೆ ಬೇಡ ಎನ್ನಿ. ಮನುಷ್ಯರನ್ನು ಕಿಟಕಿಯಿಂದ ನೋಡಿಬರುವುದು ಪ್ರವಾಸವಲ್ಲ, ಅವರ ಫೋಟೋ ತೆಗೆಯುವುದು ಕಾನೂನಿಗೂ ವಿರುದ್ಧ.

ಆರನೇ ದಿನದ ಸಂಜೆ ರೂಮಿನಲ್ಲಿ ಎಲ್ಲರ ಬ್ಯಾಗು ಬಿಚ್ಚಿಸಿ. ಒದ್ದೆ ಬಟ್ಟೆಯ ಮಡಿಕೆಯಲ್ಲಿ, ಶೂ ಒಳಗೆ, ಸೋಪಿನ ಡಬ್ಬದಲ್ಲಿ ಹವಳದ ಚೂರು, ಚಿಪ್ಪು ಖಂಡಿತ ಸಿಗುತ್ತದೆ. ಸತ್ತ ಹವಳ, ದಡದಲ್ಲಿ ಬಿದ್ದಿತ್ತು, ಅಮ್ಮನಿಗೆ ಎನ್ನುತ್ತಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಸತ್ತದ್ದು, ಬದುಕಿದ್ದು ಎಂದು ಭೇದ ಮಾಡುವುದಿಲ್ಲ, ವಿಮಾನ ನಿಲ್ದಾಣದ ಎಕ್ಸ್‌ರೇಯಲ್ಲಿ ಅದು ಬೆಳ್ಳಗೆ ಕಾಣುತ್ತದೆ. ಬೇರೆ ದೇಶದ ಪಾಸ್‌ಪೋರ್ಟ್ ಹಿಡಿದ ಹುಡುಗಿಗೆ ಅಲ್ಲಿ ಕೇಸು ಬಿದ್ದರೆ ವಿಮಾನ ಹೋಗುತ್ತದೆ, ವೀಸಾಕ್ಕೂ ತೊಡಕಾಗುತ್ತದೆ. ಇನ್ನೂ ಬೆಳಕಿರುವಾಗ ಎಲ್ಲವನ್ನೂ ಒಂದು ಬಟ್ಟೆಗೆ ಸುರಿದು, ಅವರ ಕೈಯಿಂದಲೇ ಕಡಲಿಗೆ ಮರಳಿ ಹಾಕಿಸಿ.